ಹೆದ್ದಾರಿ ಜಂಕ್ಷನ್ನಿನ ಬಲ್ಲೆ ಸವರುವಾಗ

ಆಗಸ್ಟಿನ ನಡುವೆ, ಆಟಿ ತಿಂಗಳು ಮುಗಿಯುವ ಹೊತ್ತಿಗೆ ಒಮ್ಮೆ ಯಾವುದಾದರೂ ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸ್ಕೂಟರ್ ಏರಿಸಿ ನೋಡಿ. ಮುಂದಿನ ಚಕ್ರ ಬಿಳಿ ಗೆರೆ ದಾಟಿದ ಮೇಲೆಯೇ ಬಲಗಡೆಯಿಂದ ಬರುವ ಬಸ್ಸು ಕಣ್ಣಿಗೆ ಬೀಳುತ್ತದೆ. ಅಲ್ಲಿಯವರೆಗೆ ಕಾಣುವುದು ಎದೆಮಟ್ಟ ಬೆಳೆದ ಹುಲ್ಲು, ಅದರ ಮೇಲೆ ಹಂದರ ಹಾಕಿದ ಬಳ್ಳಿ, ಅದರೊಳಗೆ ಮುಖ ಮುಚ್ಚಿಕೊಂಡ ‘ನಿಧಾನ’ ಬೋರ್ಡು. ಸಾಧಾರಣ ವರ್ಷದಲ್ಲಿ 3,500 ಮಿಲಿಮೀಟರ್ ದಾಟುವ ಮಳೆಯ ಕರಾವಳಿ ಊರು ನಮ್ಮದು. ಮೇ ಕೊನೆಗೆ ಬೋಳಾಗಿದ್ದ ಜಾಗ ಚೌತಿಯ ಹೊತ್ತಿಗೆ ಕಾಡು.

ಹೆದ್ದಾರಿ ನಿರ್ವಹಣೆಯ ಗುತ್ತಿಗೆದಾರರೊಬ್ಬರ ಕೈಕೆಳಗೆ ಕೆಲವು ವರ್ಷ ಆಳುಗಳನ್ನು ಕಟ್ಟಿಕೊಂಡು ಈ ಬಲ್ಲೆ, ಅಂದರೆ ಪೊದೆ ಹುಲ್ಲು, ಸವರುವ ಕೆಲಸ ಮಾಡಿಸಿದ್ದೇನೆ. ಈಗ ಯುವಕ ಮಂಡಲದವರು, ಪಂಚಾಯತಿನವರು, ಸಣ್ಣ ಗುತ್ತಿಗೆ ಹಿಡಿಯುವವರು ಬಂದು ಕೇಳುತ್ತಾರೆ. ಎಲ್ಲರೂ ಕೇಳುವುದು ಒಂದೇ: ‘ಎಷ್ಟು ದಿನಕ್ಕೆ ಚೊಕ್ಕ ಆಗ್ತದೆ?’ ನಾನು ಹೇಳುವುದೂ ಒಂದೇ. ಇದು ಅಂಗಳ ಗುಡಿಸುವ ಕೆಲಸ ಅಲ್ಲ. ಗಾಡಿ ಓಡಿಸುವವನಿಗೆ ಕಾಣಬೇಕಾದದ್ದು ಕಾಣುವಂತೆ ಮಾಡುವುದು ನಮ್ಮ ಕೆಲಸ. ಅದಕ್ಕೆ ಬೇಕಾದಷ್ಟು ಕಡಿದರೆ ಸಾಕು. ಹೆಚ್ಚು ಕಡಿದರೆ ಮಳೆಗಾಲದಲ್ಲಿ ಅದರ ದಂಡ ತೆರಬೇಕಾಗುತ್ತದೆ.

ಮೊದಲು, ಜಾಗ ಯಾರದ್ದು?

ಕತ್ತಿ ಹಿಡಿಯುವ ಮೊದಲು ಒಂದು ಪತ್ರ ಬರೆಯಬೇಕು. ರಾಷ್ಟ್ರೀಯ ಹೆದ್ದಾರಿ 66, ಹಿರಿಯರ ಬಾಯಲ್ಲಿ ಇನ್ನೂ ಹದಿನೇಳು, ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿ ಉಂಟು. ಕೆಲವು ಹೆದ್ದಾರಿಗಳನ್ನು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ. ಎರಡು ರಸ್ತೆ ಕೂಡುವ ಕಡೆ ಒಂದು ಮೂಲೆ ಒಬ್ಬರದ್ದು, ಇನ್ನೊಂದು ಮೂಲೆ ನಗರಪಾಲಿಕೆಯದ್ದು ಆಗಿರುವುದೂ ಉಂಟು. ಯಾವ ಕಿಲೋಮೀಟರ್ ಕಲ್ಲಿನಿಂದ ಯಾವ ಕಲ್ಲಿನವರೆಗೆ, ಯಾವ ದಿನ, ಎಷ್ಟು ಜನ, ಯಾವ ಯಂತ್ರ ಎಂದು ಬರೆದುಕೊಟ್ಟು ಒಪ್ಪಿಗೆ ತೆಗೆದುಕೊಳ್ಳಿ. ಅದರ ಒಂದು ನಕಲನ್ನು ಸಂಚಾರ ಪೊಲೀಸ್ ಠಾಣೆಗೆ ಕೊಡಿ. ಬರೀ ದೂರು ಹೇಳುವುದಾದರೆ 1033ಕ್ಕೆ ಫೋನ್ ಮಾಡಿದರೆ ಆಯಿತು, ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ.

ಮರದ ಲೆಕ್ಕ ಬೇರೆ. ಹುಲ್ಲು, ಪೊದೆ, ಬಳ್ಳಿ ಸವರಲು ಸಿಕ್ಕ ಒಪ್ಪಿಗೆ ಮರ ಕಡಿಯಲು ನಡೆಯುವುದಿಲ್ಲ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಉಂಟು, ಅದಕ್ಕೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ‘ಒಣಗಿದ ಅಕೇಶಿಯಾ ಅಲ್ವಾ, ಯಾರು ಕೇಳ್ತಾರೆ’ ಎಂದು ಉರುಳಿಸಿ, ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆದವರನ್ನು ನೋಡಿದ್ದೇನೆ. ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ನೀವು ಮುಟ್ಟಲೇಬೇಡಿ. ಮೆಸ್ಕಾಂನ 1912ಕ್ಕೆ ಹೇಳಿ ಲೈನ್ ಆಫ್ ಮಾಡಿಸಿ ಅವರ ಕೈಯಲ್ಲೇ ಕಡಿಸಿ. ಅಲ್ಯೂಮಿನಿಯಂ ಏಣಿ, ಹಸಿ ಬಿದಿರಿನ ದೋಟಿ ಎರಡೂ ತಂತಿಯ ಹತ್ತಿರ ಯಮ.

ಕಾಣುತ್ತದೋ ಇಲ್ಲವೋ ಅಳೆಯುವುದು

ಎಷ್ಟು ಕಡಿಯಬೇಕು ಎಂದು ಗೊತ್ತಾಗಲು ಒಂದು ಬಿದಿರಿನ ಕೋಲು ಸಾಕು. ನಾಲ್ಕು ಅಡಿಗೆ, ಅಂದರೆ 1.2 ಮೀಟರಿಗೆ, ಕತ್ತರಿಸಿಕೊಳ್ಳಿ. ಕಾರಿನಲ್ಲಿ ಕುಳಿತವನ ಕಣ್ಣಿನ ಎತ್ತರ ಎಂದು ರಸ್ತೆ ಎಂಜಿನಿಯರುಗಳು ಹಿಡಿಯುವ ಲೆಕ್ಕ ಇದು. ಸರ್ವಿಸ್ ರಸ್ತೆ ಹೆದ್ದಾರಿಗೆ ಸೇರುವ ಬಾಯಲ್ಲಿ, ಗಾಡಿ ನಿಲ್ಲುವ ಗೆರೆಯ ಮೇಲೆ ಕೋಲು ನಿಲ್ಲಿಸಿ, ಅದರ ತುದಿಗೆ ಕಣ್ಣು ಸರಿಹೊಂದುವಂತೆ ಬಗ್ಗಿ ಬಲಗಡೆ ನೋಡಿ. ಇನ್ನೊಬ್ಬ ರಸ್ತೆ ಅಂಚಿನಲ್ಲಿ, ಡಾಮರಿನ ಹೊರಗೆ, ವಾಹನ ಬರುವ ದಿಕ್ಕಿಗೆ ಮುಖ ಮಾಡಿ ಹೆಜ್ಜೆ ಎಣಿಸುತ್ತ ಹೋಗಲಿ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ನೋಡಿ, ಬ್ರೇಕ್ ಒತ್ತಿ, ನಿಲ್ಲಿಸಲು 120 ಮೀಟರ್ ಬೇಕು ಎಂಬುದು ರಸ್ತೆಗಳ ಮಾನದಂಡ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕ. 100ರ ವೇಗಕ್ಕೆ 180 ಮೀಟರ್. ಸಾಧಾರಣ ಹೆಜ್ಜೆಯಲ್ಲಿ 120 ಮೀಟರ್ ಎಂದರೆ 160 ಹೆಜ್ಜೆ. ಅಷ್ಟು ದೂರ ಹೋದವನು ನಿಮಗೆ ಮೊಣಕಾಲಿನಿಂದ ಮೇಲೆ ಪೂರ್ತಿ ಕಾಣಬೇಕು. ಯಾವ ಹೆಜ್ಜೆಯಲ್ಲಿ ಮರೆಯಾದನೋ ಅಲ್ಲಿಗೆ ಅಡ್ಡ ಬಂದ ಪೊದೆಗೆ ಬಣ್ಣದ ಬಟ್ಟೆ ಕಟ್ಟಿ ಬನ್ನಿ. ನಾಳೆ ಮೊದಲು ಸವರಬೇಕಾದದ್ದು ಅದನ್ನೇ.

ಗೆರೆಯ ಮೇಲಿನ ಕೋಲು, ದೂರ ಹೋಗಿ ನಿಂತವನು, ಎರಡು ರಸ್ತೆ ಕೂಡುವ ಮೂಲೆ, ಈ ಮೂರರ ನಡುವಿನ ಜಾಗವೇ ನೋಟದ ತ್ರಿಕೋನ. ಅದರೊಳಗೆ ಯಾವ ಗಿಡವೂ ಎರಡು ಅಡಿ ಮೀರಬಾರದು. ತ್ರಿಕೋನದ ಹೊರಗೆ ಅಷ್ಟು ನಿಷ್ಠುರ ಬೇಡ. ಡಿವೈಡರಿನ ಕಣಗಿಲೆ, ಕಾಗದದ ಹೂವಿನ ಗಿಡಗಳು ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆಯದಂತೆ ನಿಂತಿರುವುದು, ಅವುಗಳನ್ನು ಕುತ್ತಿಗೆ ಮಟ್ಟಕ್ಕೆ ಬಿಡಿ. ಆದರೆ ಯು-ಟರ್ನ್ ತೆರವಿನ ಎರಡೂ ಬದಿಯಲ್ಲಿ ಅದೇ ಗಿಡ ಮೊಣಕಾಲಿಗೆ ಇಳಿಯಲೇಬೇಕು. ಬೋರ್ಡುಗಳನ್ನು ದೂರದಿಂದ ನಡೆದು ಬಂದು ನೋಡಿ, ಕೆಳಗೆ ನಿಂತು ತಲೆ ಎತ್ತಿ ನೋಡಿದರೆ ಎಲ್ಲವೂ ಕಾಣುತ್ತದೆ. ರಸ್ತೆಯ ಮೇಲೆ ಚಾಚಿದ ಕೊಂಬೆ ಐದೂವರೆ ಮೀಟರಿಗಿಂತ ಕೆಳಗಿದ್ದರೆ ಲಾರಿಯ ಟಾರ್ಪಾಲು ಹರಿಯುತ್ತದೆ. ಅದನ್ನೂ ಪಟ್ಟಿಗೆ ಸೇರಿಸಿ.

ಯಾವಾಗ?

ವರ್ಷಕ್ಕೆ ಮೂರು ಸಲ. ಮೇ ಕೊನೆಯ ಪತ್ತನಾಜೆಯ ಮೊದಲು ಒಮ್ಮೆ, ಚರಂಡಿಯ ಬಾಯಿ ಬಿಡಿಸಿ ಒಣಗಿದ್ದನ್ನು ತೆಗೆಯಲು. ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ, ನೋಟದ ತ್ರಿಕೋನಗಳನ್ನು ಮಾತ್ರ. ನವರಾತ್ರಿ ಕಳೆದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ದೊಡ್ಡ ಸವರು. ಮೂರರಲ್ಲಿ ಒಂದನ್ನೇ ಮಾಡಲು ದುಡ್ಡಿದ್ದರೆ ನಾನು ಈ ಮೂರನೆಯದನ್ನೇ ಆರಿಸುತ್ತೇನೆ. ಕಮ್ಯುನಿಸ್ಟ್ ಗಿಡ ಎಂಬ ಪೊದೆ ಕಳೆ ಚಳಿಗಾಲ ಬಿದ್ದೊಡನೆ ಹೂ ಬಿಟ್ಟು, ಬೇಸಗೆಯ ಗಾಳಿಗೆ ಬೀಜ ತೂರುತ್ತದೆ. ಹೂವಿಗೆ ಮೊದಲೇ ಕಡಿದರೆ ಮುಂದಿನ ವರ್ಷದ ಕೆಲಸ ಅಷ್ಟು ಕಡಿಮೆ. ಪಾರ್ಥೇನಿಯಮ್ಮಿಗೆ ಕಾಂಗ್ರೆಸ್ ಗಿಡ, ಇದಕ್ಕೆ ಕಮ್ಯುನಿಸ್ಟ್ ಗಿಡ, ನಮ್ಮ ಜನ ಕಳೆಗೆ ಹೆಸರಿಡುವಾಗ ಪಕ್ಷಪಾತ ಮಾಡಿಲ್ಲ. ಇನ್ನೊಂದು ಕಾರಣ ಬೆಂಕಿ. ಫೆಬ್ರವರಿಯಲ್ಲಿ ಒಣಗಿ ನಿಂತ ಮುಳಿಹುಲ್ಲಿಗೆ ಯಾರೋ ಎಸೆದ ಬೀಡಿ ತುಂಡು ಸಾಕು. ಹೊಗೆ ಹೆದ್ದಾರಿಗೆ ಅಡ್ಡ ಕಟ್ಟಿದರೆ ಮುಂದಿನ ಗಾಡಿಯೂ ಕಾಣುವುದಿಲ್ಲ.

ದಿನದ ಹೊತ್ತು: ಬೆಳಿಗ್ಗೆ ಆರೂವರೆಗೆ ಶುರು, ಎಂಟಕ್ಕೆ ಶಾಲಾ ಬಸ್ಸುಗಳ ಗಡಿಬಿಡಿಗೆ ನಿಲುಗಡೆ, ಹತ್ತಕ್ಕೆ ಮತ್ತೆ ಶುರು, ಹನ್ನೆರಡೂವರೆಗೆ ಮುಗಿಸು. ಮಧ್ಯಾಹ್ನದ ಸೆಕೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಯಂತ್ರ ಹಿಡಿದವನಿಗೆ ತಲೆ ತಿರುಗುತ್ತದೆ. ಹತ್ತು ಗಂಟೆಗೆ ಉಪ್ಪು ಹಾಕಿದ ಗಂಜಿ ತಿಳಿ ಕೊಡುವುದು ನಮ್ಮ ಪದ್ಧತಿ. ಬೊಂಡ, ಅಂದರೆ ಎಳನೀರು, ತರಿಸಿದರೆ ಚಿಪ್ಪನ್ನು ಅಲ್ಲೇ ಎಸೆಯಬೇಡಿ, ಡೆಂಗಿ ಸೊಳ್ಳೆಗೆ ಅದೇ ಬಾವಿ.

ರಸ್ತೆಗೆ ಕೋನ್ ಇಡುವುದು

ಕತ್ತಿ ಏಟಿಗಿಂತ, ಹಾವಿಗಿಂತ, ಈ ಕೆಲಸದಲ್ಲಿ ಜೀವ ತೆಗೆಯುವುದು ಹಿಂದಿನಿಂದ ಬರುವ ಗಾಡಿ. ರಸ್ತೆ ಕಾಮಗಾರಿಯ ಸುರಕ್ಷತೆಗೆ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಎಂಬ ಕೈಪಿಡಿ ಉಂಟು. ಅದು ಜಾಗವನ್ನು ನಾಲ್ಕಾಗಿ ನೋಡುತ್ತದೆ: ಮುಂದೆ ಕೆಲಸ ಉಂಟು ಎಂದು ಹೇಳುವ ಭಾಗ, ಗಾಡಿಗಳನ್ನು ಓರೆಯಾಗಿ ಪಕ್ಕಕ್ಕೆ ಸರಿಸುವ ಭಾಗ, ಕೆಲಸದ ಭಾಗ, ಮತ್ತೆ ಮೊದಲಿನ ದಾರಿಗೆ ಬಿಡುವ ಭಾಗ. ನಮ್ಮವರು ಮೊದಲ ಎರಡನ್ನು ಬಿಟ್ಟು ಕೆಲಸದ ಜಾಗದ ಸುತ್ತ ನಾಲ್ಕು ಕೋನ್ ಇಟ್ಟು ಕೈತೊಳೆದುಕೊಳ್ಳುತ್ತಾರೆ. ನೂರರ ವೇಗದಲ್ಲಿ ಬರುವವನಿಗೆ ಆ ನಾಲ್ಕು ಕೋನ್ ಕಾಣುವಾಗ ಹೊತ್ತು ಮೀರಿರುತ್ತದೆ. ಫ್ಲೈಓವರ್ ಇಳಿಜಾರಿನ ಬುಡದಲ್ಲಂತೂ ಇನ್ನೂ ಕಷ್ಟ, ಮೇಲಿಂದ ಇಳಿಯುವವನಿಗೆ ಏರು ದಾಟುವವರೆಗೆ ಕೆಳಗಿನದ್ದು ಗೊತ್ತೇ ಇರುವುದಿಲ್ಲ. ಎಚ್ಚರಿಕೆಯ ಬೋರ್ಡನ್ನು ಏರಿನ ಆಚೆಗೆ, ಗಾಡಿ ಬರುವ ಬದಿಯಲ್ಲಿ ಇಡಿ.

ಕೆಂಪು ಬಾವುಟದವನು ತಿರುವಿನ ಒಳಗೆ ನಿಲ್ಲಬಾರದು, ಅವನೇ ಮೊದಲು ಕಾಣುವಂತೆ ತಿರುವಿಗೆ ಮೊದಲು ನಿಲ್ಲಬೇಕು. ಅವನ ಕೈಯಲ್ಲಿ ಮೊಬೈಲ್ ಇರಬಾರದು, ಬಾಯಲ್ಲಿ ಸೀಟಿ ಇರಬೇಕು. ಸೀಟಿ ಕೇಳಿದರೆ ಯಾವ ಕಡೆಗೆ ಹಾರುವುದು ಎಂದು ಪ್ರತಿ ಬೆಳಿಗ್ಗೆ ತೋರಿಸಿಕೊಡಿ.

ಯಂತ್ರ

ಪೆಟ್ರೋಲಿನ ಕಳೆ ಕೊಚ್ಚುವ ಯಂತ್ರ ಈಗ ಪ್ರತಿ ಅಡಿಕೆ ತೋಟದಲ್ಲೂ ಉಂಟು, ಓಡಿಸುವವರಿಗೂ ಬರಗಾಲ ಇಲ್ಲ. ಆದರೆ ತೋಟದಲ್ಲಿ ಹಾರಿದ ಕಲ್ಲು ಅಡಿಕೆ ಮರಕ್ಕೆ ಬಡಿದರೆ ಯಾರೂ ಕೇಳುವುದಿಲ್ಲ. ಇಲ್ಲಿ ಪಕ್ಕದಲ್ಲೇ ಬಸ್ಸು ಉಂಟು.

ನನಗೆ ಇದು ತಿಳಿದದ್ದು ಪೆಟ್ಟು ತಿಂದು. ಒಂದು ಬೆಳಿಗ್ಗೆ ನಮ್ಮ ಹುಡುಗ ರಸ್ತೆ ಅಂಚಿನಲ್ಲಿ ಎದುರಿನಿಂದ ಬರುವ ಗಾಡಿಗಳಿಗೆ ಮುಖ ಮಾಡಿ ಹುಲ್ಲು ಹೊಡೆಯುತ್ತಿದ್ದ. ಹಾಗೆ ನಿಲ್ಲಿಸಿದ್ದು ನಾನೇ, ಗಾಡಿ ಕಾಣಲಿ ಎಂದು. ಠಣ್ ಎಂದು ಒಂದು ಸದ್ದು. ರಿಕ್ಷಾವೊಂದರ ಎದುರಿನ ಗಾಜಿನಲ್ಲಿ ಜೇಡರ ಬಲೆಯಂತೆ ಬಿರುಕು. ಚಾಲಕ ಇಳಿದು ಬಂದು ಕೇಳಿದ ಮೊದಲ ಮಾತು, ‘ಎಂಚಿನ ಮಾರಾಯ್ರೆ, ಕಣ್ಣಿಗೆ ಬಿದ್ದಿದ್ದರೆ?’ ಗಾಜಿನ ದುಡ್ಡು ಕೊಟ್ಟೆ. ಸಂಜೆ ಯಂತ್ರದ ಮೇಲಿನ ಬಾಣದ ಗುರುತು ನೋಡುತ್ತ ಕುಳಿತೆ. ಬ್ಲೇಡು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತದೆ. ಅಂದರೆ ಮುಂದಿನ ಅಂಚು ಬಲದಿಂದ ಎಡಕ್ಕೆ ಓಡುತ್ತದೆ, ಕಡಿದ ಹುಲ್ಲೂ ಕಲ್ಲೂ ಎಡಕ್ಕೇ ಎಸೆಯಲ್ಪಡುತ್ತದೆ. ಎದುರಿನ ಗಾಡಿಗೆ ಮುಖ ಮಾಡಿ ನಿಂತವನ ಎಡಕ್ಕೆ ಇರುವುದೇ ರಸ್ತೆ!

ಹಾಗಾಗಿ ಎಡ ಅಂಚಿನಲ್ಲಿ ಗಾಡಿ ಹೋಗುವ ದಿಕ್ಕಿಗೇ ಮುಖ ಮಾಡಿ, ರಸ್ತೆಯನ್ನು ಬಲಕ್ಕೆ ಇಟ್ಟುಕೊಂಡು, ಬಲದಿಂದ ಎಡಕ್ಕೆ ಬೀಸುತ್ತ ಹೋಗಬೇಕು. ಬೆನ್ನು ಗಾಡಿಗಳಿಗೆ ಆಗುತ್ತದೆ ನಿಜ. ಅದಕ್ಕೇ ಹಿಂದಿನ ಬಾವುಟದವನು, ಅದಕ್ಕೇ ಓರೆ ಸಾಲಿನ ಕೋನ್. ಅವೆರಡೂ ಇಲ್ಲದ ದಿನ ಅಂಚಿನ ಎರಡು ಮೀಟರನ್ನು ಕತ್ತಿಯಲ್ಲೇ ಸವರಿ. ಎಡಗಡೆ ಸರ್ವಿಸ್ ರಸ್ತೆಯೋ ಅಂಗಡಿಯೋ ಇದ್ದರೆ ಶೇಡ್‌ನೆಟ್ಟಿನ ತುಂಡೊಂದನ್ನು ಎರಡು ಕೋಲಿಗೆ ಕಟ್ಟಿ ಇಬ್ಬರು ಹಿಡಿದು ಜೊತೆಗೆ ನಡೆಯಲಿ, ಆದರೆ ಬ್ಲೇಡಿನಿಂದ ದೂರ. ಯಂತ್ರದ ಸುತ್ತ 15 ಮೀಟರಿನೊಳಗೆ ರಕ್ಷಣೆ ಇಲ್ಲದವರು ಯಾರೂ ಇರಬಾರದು.

ಬಾಟಲಿ ಚೂರು, ಕಬ್ಬಿಣದ ತಂತಿ, ತೆಂಗಿನ ಚಿಪ್ಪು, ಕಲ್ಲುಗಳನ್ನು ಮೊದಲೇ ಹೆಕ್ಕಿಸಿ. ಬರೀ ಹುಲ್ಲಿಗೆ ನೈಲಾನ್ ದಾರ, ಪೊದೆಗೆ ಮೂರು ಹಲ್ಲಿನ ಬ್ಲೇಡು, ಹೆಬ್ಬೆರಳಿನ ದಪ್ಪದ ಕಾಂಡಕ್ಕೆ ಗರಗಸದಂತಹ ಬಿಲ್ಲೆ. ಬ್ಲೇಡಿನ ಬಲ ಮುಂಭಾಗವನ್ನು ಗಟ್ಟಿ ಕಾಂಡಕ್ಕೆ ತಾಗಿಸಬೇಡಿ, ಯಂತ್ರ ಒದ್ದು ಹಿಂದಕ್ಕೆ ಬರುತ್ತದೆ. ಬಳ್ಳಿ ಸುತ್ತಿಕೊಂಡರೆ ಎಂಜಿನ್ ಪೂರ್ತಿ ನಿಲ್ಲಿಸಿಯೇ ಬಿಡಿಸಿ. ಹೊಸದಾಗಿ ನೆಟ್ಟ ಸಸಿಯ ಬುಡದ ಒಂದು ಅಡಿ ಸುತ್ತ ಕೈಯಿಂದಲೇ ಕೀಳಿ. ನೈಲಾನ್ ದಾರ ತೊಗಟೆಯನ್ನು ಸುತ್ತಲೂ ಕೆತ್ತಿದರೆ ಗಿಡ ತಿಂಗಳೊಳಗೆ ಒಣಗುತ್ತದೆ, ದೂರು ‘ನೀರು ಹಾಕಲಿಲ್ಲ’ ಎಂದು ಬರುತ್ತದೆ.

ಪೊದೆಯೊಳಗಿನವರು

ಸವರುವ ಮೊದಲು ಉದ್ದ ಕೋಲಿನಿಂದ ಪೊದೆ ಬಡಿದು ಐದು ನಿಮಿಷ ಕಾಯಿರಿ. ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಸದ್ದಿಗೆ ಓಡುವುದಿಲ್ಲ, ಸುರುಳಿ ಸುತ್ತಿ ಬುಸುಗುಟ್ಟುತ್ತ ಅಲ್ಲೇ ಇರುತ್ತದೆ. ಹಾಗಾಗಿ ಗಮ್‌ಬೂಟು ಬೇಕೇ ಬೇಕು. ಕಚ್ಚಿದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ. ಕಣಜದ ಗೂಡು, ಚಿಗಳಿ ಇರುವೆಯ ಎಲೆಚೀಲ ಕಣ್ಣಿಗೆ ಬಿದ್ದರೆ ಆ ಕೊಂಬೆಯನ್ನು ಸದ್ಯಕ್ಕೆ ಬಿಟ್ಟು ಮುಂದೆ ಹೋಗಿ. ಮಳೆಗಾಲದ ಚರಂಡಿ ನೀರಿಗೆ ಇಲಿಜ್ವರದ ಹೆದರಿಕೆ ಉಂಟು, ಕಾಲಿನಲ್ಲಿ ಗಾಯ ಇದ್ದವರನ್ನು ಚರಂಡಿಗೆ ಇಳಿಸಬೇಡಿ.

ರಸ್ತೆ ಬದಿಯಲ್ಲಿ ನಾಗಬನ ಇದ್ದರೆ ಅದರ ಒಳಗೆ ಒಂದು ಎಲೆಯನ್ನೂ ಮುಟ್ಟುವಂತಿಲ್ಲ. ಬನದ ಬಳ್ಳಿ ಬೋರ್ಡಿಗೆ ಅಡ್ಡ ಬಂದಿದ್ದರೆ ಬನ ನೋಡಿಕೊಳ್ಳುವ ಮನೆಯವರನ್ನು ಕೇಳಿ, ಅವರೇ ಹೊತ್ತು ನೋಡಿ ತೆಗೆಸುತ್ತಾರೆ. ಕೇಳದೆ ಕಡಿದರೆ ನಾಳೆ ಕೆಲಸಕ್ಕೆ ಆಳು ಸಿಗುವುದಿಲ್ಲ.

ಗೋಡೆಯ ಅಶ್ವತ್ಥ

ಜಂಕ್ಷನ್ನಿನಲ್ಲಿ ನನಗೆ ಹುಲ್ಲಿಗಿಂತ ಹೆಚ್ಚು ಚಿಂತೆ ಹತ್ತಿಸುವುದು ಫ್ಲೈಓವರಿನ ಗೋಡೆ. ಮಂಗಳೂರಿನ ಪಂಪ್‌ವೆಲ್, ಕೂಳೂರು, ಕೊಟ್ಟಾರ ಚೌಕಿ, ಉಡುಪಿಯ ಕರಾವಳಿ ಬೈಪಾಸ್, ಎಲ್ಲಿ ಬೇಕಾದರೂ ನಿಂತು ಕಾಂಕ್ರೀಟಿನ ಸಂದುಗಳನ್ನೊಮ್ಮೆ ನೋಡಿ. ಹಕ್ಕಿ ಹಿಕ್ಕೆಯಲ್ಲಿ ಬಂದ ಅಶ್ವತ್ಥ, ಆಲ, ಅತ್ತಿಯ ಬೀಜಕ್ಕೆ ಬೆರಳ ತುದಿಯಷ್ಟು ಮಣ್ಣು, ಒಂದು ಮಳೆಗಾಲ ಸಾಕು. ಎರಡು ಎಲೆಯ ಸಸಿ ಮೊದಲ ವರ್ಷ ಚಿಟಿಕೆಯಲ್ಲಿ ಕಿತ್ತು ಬರುತ್ತದೆ. ಮೂರನೇ ವರ್ಷಕ್ಕೆ ಬೇರು ಫಲಕಗಳ ಹಿಂದಿನ ಮಣ್ಣಿಗೆ ಇಳಿದಿರುತ್ತದೆ. ಆಗ ಹಗ್ಗ ಕಟ್ಟಿ ಎಳೆದರೆ ಸಂದಿನ ಅಂಚೂ ಕಳಚಿ ಬರುತ್ತದೆ. ಬರೀ ಕಡಿದರೆ ಒಂದರ ಜಾಗದಲ್ಲಿ ನಾಲ್ಕು ಚಿಗುರು, ಬೇರು ಇನ್ನೂ ದಪ್ಪ. ಪೆನ್ಸಿಲಿಗಿಂತ ದಪ್ಪ ಬೆಳೆದದ್ದನ್ನು ನೀವು ಮುಟ್ಟದೆ, ಫೋಟೋ ತೆಗೆದು, ಯಾವ ಬದಿ, ಕಂಬದಿಂದ ಎಷ್ಟನೇ ಫಲಕ ಎಂದು ಬರೆದು ಎಂಜಿನಿಯರಿಗೆ ಕೊಡಿ. ಗೋಡೆಯ ನೀರು ಬಸಿಯುವ ತೂತುಗಳನ್ನು ಮಾತ್ರ ಕಡ್ಡಿ ಹಾಕಿ ಬಿಡಿಸಿ. ಅವು ಕಟ್ಟಿದರೆ ಮಳೆ ನೀರಿನ ಭಾರ ಗೋಡೆಯ ಬೆನ್ನಿಗೇ ಬೀಳುತ್ತದೆ.

ಬೇರು ಬಿಡಿ

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಜಂಬಿಟ್ಟಿಗೆ ದರೆಯನ್ನು ಹಾರೆ ಹಾಕಿ ಬುಡಸಹಿತ ಹೆರೆಸಿದ್ದೆ. ಮೇ ತಿಂಗಳಲ್ಲಿ ಕೆಂಪು ಗೋಡೆಯ ಹಾಗೆ ಹೊಳೆಯುತ್ತಿತ್ತು, ಬಂದವರೆಲ್ಲ ಹೊಗಳಿದರು. ಜೂನಿನ ಎರಡನೇ ವಾರದಲ್ಲಿ ಆ ದರೆಯ ಮೇಲ್ಮಣ್ಣೆಲ್ಲ ಚರಂಡಿಯಲ್ಲಿ ಇತ್ತು, ಚರಂಡಿಯ ನೀರು ರಸ್ತೆಯಲ್ಲಿ ಇತ್ತು, ಮಡ್ಡಿನೀರಿನಲ್ಲಿ ಬೈಕಿನವರು ಕಾಲು ಎತ್ತಿಕೊಂಡು ಹೋಗುತ್ತಿದ್ದರು. ನಮ್ಮ ಜೊತೆ ಕೆಲಸಕ್ಕೆ ಬರುತ್ತಿದ್ದ ಹಿರಿಯ ಅಕ್ಕ ಒಬ್ಬರು ಅದನ್ನು ನೋಡಿ, ‘ಗದ್ದೆಯ ಹುಣಿಯನ್ನು ಯಾರಾದರೂ ಹೀಗೆ ಕೆತ್ತುತ್ತಾರಾ?’ ಎಂದರು. ಗದ್ದೆ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ಹುಲ್ಲು ಕೊಯ್ಯುತ್ತಾರೆ, ಬೇರು ಕೀಳುವುದಿಲ್ಲ. ಅಷ್ಟೇ ಲೆಕ್ಕ.

ಇಳಿಜಾರಿನಲ್ಲಿ ನಾಲ್ಕರಿಂದ ಆರು ಇಂಚು ಕೂಳೆ ಬಿಟ್ಟು ಕಡಿಯಿರಿ. ಕಮ್ಯುನಿಸ್ಟ್ ಗಿಡ, ಲಾಂಟಾನದ ಬುಡವನ್ನು ಸಮತಟ್ಟು ಜಾಗದಲ್ಲಿ ಮಾತ್ರ ಅಗೆದು ತೆಗೆಯಿರಿ, ಅದೂ ಕೇಬಲ್, ಗ್ಯಾಸ್ ಪೈಪಿನ ಗುರುತು ಕಂಬ ಹತ್ತಿರ ಇಲ್ಲವೆಂದು ನೋಡಿ. ಬೋಳಾದ ಕಡೆ ಜೂನಿನ ಮೊದಲ ಮಳೆಗೆ ಲಾವಂಚದ ಬುಡ ಸೀಳಿ, ಇಳಿಜಾರಿಗೆ ಅಡ್ಡ ಸಾಲಿನಲ್ಲಿ ಗೇಣಿಗಿಂತ ಹತ್ತಿರ ನೆಡಿ. ಅದರ ಬೇರು ಪಕ್ಕಕ್ಕೆ ಹರಡದೆ ನೇರ ಎರಡು-ಮೂರು ಮೀಟರ್ ಇಳಿಯುತ್ತದೆ. ಕಳೆನಾಶಕದ ಮಾತು ಎತ್ತುವವರಿಗೆ: ಗ್ಲೈಫೊಸೇಟ್ ಸಿಂಪಡಣೆಯನ್ನು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಪರವಾನಗಿ ಇರುವ ಕೀಟನಿಯಂತ್ರಕರಿಗೆ ಮಾತ್ರ ಸೀಮಿತ ಮಾಡಿದೆ. ಅದಕ್ಕಿಂತ ಮುಖ್ಯ, ನಮ್ಮ ಹೆದ್ದಾರಿ ಚರಂಡಿಯ ನೀರು ತೋಡಿಗೆ, ತೋಡಿನಿಂದ ಗದ್ದೆಗೆ, ಬಾವಿಗೆ ಹೋಗುತ್ತದೆ. ನಾನು ಬಳಸಿಲ್ಲ, ಬಳಸುವುದೂ ಇಲ್ಲ.

ಕಡಿದದ್ದನ್ನು ಏನು ಮಾಡುವುದು?

ಅಲ್ಲೇ ಬಿಟ್ಟು ಹೋಗುವುದಕ್ಕಿಂತ ಕಡಿಯದೇ ಇರುವುದು ಮೇಲು. ಒಂದು ಜೋರು ಮಳೆಗೆ ಆ ರಾಶಿ ತೇಲಿ ಮೋರಿಯ ಬಾಯಿಗೆ ಬಿರಡೆ ಹಾಕಿದಂತೆ ಕೂರುತ್ತದೆ. ಅದೇ ದಿನ ಟೆಂಪೋದಲ್ಲಿ ಸಾಗಿಸಿ. ಹೂ ಬಿಡದ ಹುಲ್ಲನ್ನು ತೆಂಗಿನ ಬುಡಕ್ಕೆ ಹಾಕಲು ಕೇಳುವವರು ಇರುತ್ತಾರೆ. ಬೀಜ ಕಟ್ಟಿದ್ದನ್ನೂ ಹಳದಿ ಹೂವಿನ ನೆಲಬಳ್ಳಿಯನ್ನೂ ಯಾರಿಗೂ ಕೊಡಬೇಡಿ. ಅಂದಕ್ಕೆಂದು ತಂದು ನೆಟ್ಟ ಈ ಬಳ್ಳಿ ಗಂಟುಗಂಟಿಗೂ ಬೇರು ಬಿಡುತ್ತದೆ. ಅದನ್ನು ಯಂತ್ರದಲ್ಲಿ ಕೊಚ್ಚಿದರೆ ಒಂದು ಗಿಡವನ್ನು ಐನೂರು ಮಾಡಿದ ಹಾಗೆ. ಚಾಪೆ ಸುತ್ತಿದಂತೆ ಕೈಯಿಂದ ಎಳೆದು ಸುತ್ತಿ, ಟಾರ್ಪಾಲಿನ ಮೇಲೆ ಒಣಗಿಸಬೇಕು. ಪಾರ್ಥೇನಿಯಂ ಕೀಳುವವರಿಗೆ ಕೈಗವಸು, ಮಾಸ್ಕ್ ಕೊಡಿ, ತುರಿಕೆ, ದಮ್ಮು ಇರುವವರನ್ನು ಬೇರೆ ಕೆಲಸಕ್ಕೆ ಹಾಕಿ. ಬೆಂಕಿ ಹಾಕುವುದು ಯಾವುದಕ್ಕೂ ಬೇಡ. ಕಣಗಿಲೆಯ ಹೊಗೆ ವಿಷ, ಅದರ ಎಲೆ ದನದ ಹೊಟ್ಟೆಗೆ ಹೋದರೂ ವಿಷ. ಸವರಿದ ಕಣಗಿಲೆ ಒಂದು ಟೊಂಗೆಯೂ ಹುಲ್ಲಿನ ರಾಶಿಗೆ ಸೇರದಂತೆ ಬೇರೆಯೇ ಕಟ್ಟಿಸಿ.

ಮುಗಿಸಿ ಹೊರಡುವ ಮೊದಲು ಅದೇ ನಾಲ್ಕಡಿ ಕೋಲು ಹಿಡಿದು ಇನ್ನೊಮ್ಮೆ ಗೆರೆಯ ಮೇಲೆ ನಿಲ್ಲಿ. ಬಟ್ಟೆ ಕಟ್ಟಿದ್ದ ಜಾಗಗಳಲ್ಲಿ 160 ಹೆಜ್ಜೆಯ ತನಕ ಮನುಷ್ಯ ಕಾಣುತ್ತಾನೋ ನೋಡಿ. ಮಸುಕು ಕತ್ತಲಾದ ಮೇಲೆ ಕಾರಿನಲ್ಲಿ ಒಂದು ಸುತ್ತು ಹೊಡೆದು, ಕ್ರ್ಯಾಶ್ ಬ್ಯಾರಿಯರಿನ ರಿಫ್ಲೆಕ್ಟರುಗಳು ಎಲ್ಲವೂ ಹೊಳೆಯುತ್ತವೋ ಲೆಕ್ಕ ಹಾಕಿ, ಕೆಸರು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ಕೋನ್ ಎತ್ತುವಾಗ ಗಾಡಿ ಹೋಗುವ ದಿಕ್ಕಿನ ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ, ಎಚ್ಚರಿಕೆಯ ಬೋರ್ಡು ಎಲ್ಲಕ್ಕಿಂತ ಕೊನೆಗೆ. ಮೊದಲ ದೊಡ್ಡ ಮಳೆ ಬಂದ ಬೆಳಿಗ್ಗೆ, ಕೊಡೆ ಹಿಡಿದುಕೊಂಡು ಹೋಗಿ ಮೋರಿಯ ಬಾಯಿ ನೋಡಿಕೊಂಡು ಬನ್ನಿ. ಒಂದು ಹಿಡಿ ಹುಲ್ಲು ಅಡ್ಡ ಸಿಕ್ಕಿಕೊಂಡಿದ್ದರೂ ಆಗಲೇ ತೆಗೆಯಿರಿ, ಮಧ್ಯಾಹ್ನಕ್ಕೆ ಅದು ಒಂದು ಬುಟ್ಟಿ ಆಗಿರುತ್ತದೆ.